ಒಂದೇ ಮುಳ್ಳು, ಬದಲಾಗುವ ಬಿಲ್ಲೆಗಳು

ಜೂನ್ 1

ಗೋಡೆಗೆ ತೂಗುಹಾಕಲು ಒಂದು ಪೆಟ್ಟಿಗೆ ಮಾಡುತ್ತಿದ್ದೇನೆ. ಪ್ಲೈವುಡ್ಡಿನದು, ಒಂದು ಗೇಣು ಅಗಲ. ಮಧ್ಯದಲ್ಲಿ ಒಂದೇ ಒಂದು ಮುಳ್ಳು. ಬದಲಾಗುವುದು ಮುಳ್ಳಿನ ಹಿಂದಿನ ಬಿಲ್ಲೆ ಮಾತ್ರ. ಒಂದು ಬಿಲ್ಲೆ ಹಾಕಿದರೆ ಉಷ್ಣಮಾಪಕ. ಇನ್ನೊಂದು ಹಾಕಿದರೆ ವಾಯುಭಾರ ಮಾಪಕ. ಮತ್ತೊಂದು ಹಾಕಿದರೆ ಚೌಕಾಬಾರದ ಕವಡೆ. ಯಾವ ಬಿಲ್ಲೆ ಹಾಕಿದೆವು ಅಂತ ಪೆಟ್ಟಿಗೆಗೇ ಗೊತ್ತಾಗಬೇಕು. ಬಿಲ್ಲೆ ಹಾಕಿದ ಮೇಲೆ ಮತ್ತೆ ಬಟನ್ ಒತ್ತಿ ಹೇಳುವುದು ಬೇಡ.

ಚೌಕಾಬಾರ ಇದರಲ್ಲಿ ಸೇರಿದ್ದು ಅಜ್ಜಿಗಾಗಿ. ಅವರಿಗೆ ಬೆರಳಿನ ಗಂಟುಗಳಲ್ಲಿ ನೋವು. ಕವಡೆ ಕುಲುಕಿ ಹಾಕುವುದು ಈಗ ಕಷ್ಟ. ಕಾಯಿ ನಡೆಸುವುದಕ್ಕೆ ಮಾತ್ರ ಏನೂ ತೊಂದರೆಯಿಲ್ಲ, ಲೆಕ್ಕವೂ ಚೂರೂ ತಪ್ಪುವುದಿಲ್ಲ.

ಮೋಟರ್ ಸಿಕ್ಕಿದೆ. ಕಾರಿನ ಡ್ಯಾಶ್‌ಬೋರ್ಡಿನ ಮುಳ್ಳು ತಿರುಗಿಸುವ ಪುಟ್ಟ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್), ಎಕ್ಸ್27.168. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತೆಗೆದುಕೊಂಡೆ. ಪೂರ್ತಿ ಸುತ್ತು ತಿರುಗುವುದಿಲ್ಲ, 315 ಡಿಗ್ರಿ ಹೋಗಿ ಒಳಗಿನ ತಡೆಗೆ ತಾಗಿ ನಿಲ್ಲುತ್ತದೆ. ಒಂದು ಡಿಗ್ರಿಗೆ ಮೂರು ಹೆಜ್ಜೆ. ಸುರುಳಿಗೆ 20 ಮಿಲಿಆಂಪಿಯರ್ ಸಾಕಾಗುವುದರಿಂದ ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಿನ್ನುಗಳಿಂದಲೇ ನೇರವಾಗಿ ಓಡಿಸಬಹುದು. ನಾನು ಅಳತೆಗೆ 300 ಡಿಗ್ರಿ ಇಟ್ಟುಕೊಂಡಿದ್ದೇನೆ. ಅಂದರೆ 900 ಹೆಜ್ಜೆ. ಲೆಕ್ಕಕ್ಕೆ ಸಲೀಸು. ಕೆಳಗಡೆ 60 ಡಿಗ್ರಿ ಖಾಲಿ ಉಳಿಯುತ್ತದೆ.

ಜೂನ್ 8

ಮೊದಲ ಬಿಲ್ಲೆ: ಉಷ್ಣಮಾಪಕ. 0ಯಿಂದ 50 ಡಿಗ್ರಿ ಸೆಲ್ಸಿಯಸ್, ಸಮಾನ ಗೆರೆಗಳು. ದಪ್ಪ ರಟ್ಟಿನ ಮೇಲೆ ಪ್ರಿಂಟ್ ಅಂಟಿಸಿದೆ. ಕೆಲಸ ಮಾಡುತ್ತಿದೆ.

ಆದರೆ ಬಿಲ್ಲೆ ಬದಲಿಸುವ ದಾರಿ ಸರಿಯಿಲ್ಲ. ಮುಳ್ಳು ಬಿಲ್ಲೆಯ ಮುಂದಿದೆ. ಹಾಗಾಗಿ ಪ್ರತಿ ಸಲ ಮುಳ್ಳನ್ನು ಕಿತ್ತು, ಬಿಲ್ಲೆ ತೆಗೆದು, ಹೊಸದು ಇಟ್ಟು, ಮುಳ್ಳನ್ನು ಮತ್ತೆ ಒತ್ತಿ ಕೂರಿಸಬೇಕು. ನಾಲ್ಕು ಸಲ ಕಿತ್ತ ಮೇಲೆ ಮುಳ್ಳು ಸಡಿಲವಾಯಿತು. ಕೂರಿಸುವಾಗ ಎರಡು ಡಿಗ್ರಿ ಆಚೀಚೆ ಆದರೂ ಅಳತೆ ತಪ್ಪು. ಬಿಲ್ಲೆ ಹಿಡಿಯಲು ಹಾಕಿದ್ದ ಅಯಸ್ಕಾಂತಗಳದ್ದೂ ಒಂದು ತೊಂದರೆ. ಮೋಟರಿಗೆ ತೀರಾ ಹತ್ತಿರ ಇಟ್ಟಿದ್ದೆ. ಮೋಟರಿನೊಳಗೆ ಇರುವುದೂ ಅಯಸ್ಕಾಂತವೇ ಅಲ್ವಾ, ಮುಳ್ಳು ಹೆಜ್ಜೆ ತಪ್ಪಿಸತೊಡಗಿತು. ಅವನ್ನು ತೆಗೆದ ಮೇಲೆ ಸರಿಹೋಯಿತು.

ಜೂನ್ 11

ಮಳೆ ಹಿಡಿದಿದೆ. ರಟ್ಟು ತೇವಕ್ಕೆ ಡೊಂಕಾಗಿ ಮುಳ್ಳಿಗೆ ಉಜ್ಜುತ್ತಿದೆ. ರಟ್ಟಿನ ಸಹವಾಸ ಬಿಟ್ಟೆ.

ಜೂನ್ 15

ಇವತ್ತು ತುಂಬ ಖುಷಿಯಾಗಿದೆ. ಬಿಲ್ಲೆ ಬದಲಿಸುವ ದಾರಿ ಸಿಕ್ಕಿತು.

ಕೆಳಗೆ 60 ಡಿಗ್ರಿ ಖಾಲಿ ಇದೆ ಅಂದಿದ್ದೆನಲ್ಲ, ಅಲ್ಲಿ ಅಂಕಿಯೂ ಇಲ್ಲ, ಗೆರೆಯೂ ಇಲ್ಲ. ಆ ಜಾಗದಲ್ಲಿ ಬಿಲ್ಲೆಯ ಕೆಳ ಅಂಚಿನಿಂದ ನಡುವಿನವರೆಗೆ ಒಂದು ಸೀಳು ಕೊಯ್ದೆ. ಪೆಟ್ಟಿಗೆಯ ತಲೆಯಲ್ಲೂ ಒಂದು ಸೀಳು. ಈಗ ಹುಂಡಿಗೆ ಕಾಸು ಹಾಕಿದ ಹಾಗೆ ಬಿಲ್ಲೆಯನ್ನು ಮೇಲಿನಿಂದ ಇಳಿಬಿಟ್ಟರೆ ಸಾಕು. ಎರಡು ಬದಿಯ ಮರದ ತೋಡುಗಳಲ್ಲಿ ಜಾರಿಕೊಂಡು, ಮುಳ್ಳಿನ ಬುಡವನ್ನು ಸೀಳಿನೊಳಗೆ ಬಿಟ್ಟುಕೊಂಡು, ತಳಕ್ಕೆ ಬಂದು ಕೂರುತ್ತದೆ. ಮುಳ್ಳನ್ನು ಮುಟ್ಟುವ ಕೆಲಸವೇ ಇಲ್ಲ. ಮೋಟರ್ ತಿರುಗಲಾರದ ಜಾಗವೇ ಬಿಲ್ಲೆಗೆ ಬಾಗಿಲಾಯಿತು.

ಬಿಲ್ಲೆಗಳು ಈಗ 2 ಮಿ.ಮೀ. ದಪ್ಪದ ಅಕ್ರಿಲಿಕ್. ನಾಮಫಲಕ ಮಾಡುವ ಅಂಗಡಿಯಲ್ಲಿ ಲೇಸರಿನಿಂದ ಕತ್ತರಿಸಿಕೊಟ್ಟರು. ಆಕಾರ 150 ಮಿ.ಮೀ. ಚೌಕ. ಆದರೂ ಮನೆಯಲ್ಲಿ ಎಲ್ಲರೂ ಬಿಲ್ಲೆ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಗುರುತು ಹಿಡಿಯುವುದಕ್ಕೆ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ. ಆ ತಡೆಯ ಅಳತೆ ಓಮ್. ಪ್ರತಿ ಬಿಲ್ಲೆಯ ಬೆನ್ನಿಗೆ ಒಂದೊಂದು, ಎರಡು ತಾಮ್ರದ ಪಟ್ಟಿಗಳ ನಡುವೆ. ಬಿಲ್ಲೆ ತಳ ಮುಟ್ಟಿದಾಗ ಪಟ್ಟಿಗಳು ಹಳೆಯ ಬ್ಯಾಟರಿ ಡಬ್ಬಿಯ ಸ್ಪ್ರಿಂಗುಗಳಿಗೆ ತಾಗುತ್ತವೆ. ಪೆಟ್ಟಿಗೆಯೊಳಗೆ 10 ಕಿಲೋಓಮಿನ ಇನ್ನೊಂದು ರೆಸಿಸ್ಟರ್ ಇದೆ. ಎರಡರ ನಡುವಿನ ವೋಲ್ಟೇಜ್ ಓದಿದರೆ ಬಿಲ್ಲೆ ಯಾವುದೆಂದು ಗೊತ್ತಾಗುತ್ತದೆ. ನ್ಯಾನೋ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಹೇಳುತ್ತದೆ. ಬಿಲ್ಲೆಯ ರೆಸಿಸ್ಟರ್ 2.2 ಕಿಲೋಓಮ್ ಆದರೆ ಸುಮಾರು 184 ಅನ್ನುತ್ತದೆ, 4.7ಕ್ಕೆ 327, 10ಕ್ಕೆ 512, 22ಕ್ಕೆ 703. ಬಿಲ್ಲೆ ಇಲ್ಲದಿದ್ದರೆ 1023. ನಡುವೆ ಬೇಕಾದಷ್ಟು ಅಂತರ ಇರುವುದರಿಂದ ತಾಮ್ರ ಸ್ವಲ್ಪ ಕಪ್ಪಾದರೂ ಗುರುತು ತಪ್ಪುವುದಿಲ್ಲ. ಇಳಿಸುವಾಗ ಸ್ಪ್ರಿಂಗ್ ಅದುರಿ ಏನೇನೋ ಓದುತ್ತದೆ. ಹಾಗಾಗಿ ಹತ್ತು ಸಲ ಸತತವಾಗಿ ಒಂದೇ ಉತ್ತರ ಬಂದರೆ ಮಾತ್ರ ನಂಬು ಅಂತ ಬರೆದಿದ್ದೇನೆ.

ಜೂನ್ 22

ಅಕ್ಷರದ ಕೆಲಸ. ಇದಕ್ಕೆ ಇಷ್ಟು ದಿನ ಬೇಕಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ನನ್ನ ಬಿಲ್ಲೆಗಳಲ್ಲಿ ಕನ್ನಡ ಅಂಕಿಗಳೇ ಇರಬೇಕು ಅನ್ನುವುದು ಮೊದಲಿನಿಂದಲೂ ಆಸೆ. ಗೆರೆಗಳನ್ನು ಪೈಥಾನ್ ಪ್ರೋಗ್ರಾಮಿನಲ್ಲಿ ಲೆಕ್ಕ ಹಾಕಿ, ಅಂಕಿಗಳನ್ನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕೂರಿಸುತ್ತೇನೆ. ಮೊದಲ ಪ್ರಿಂಟನ್ನು ಗೋಡೆಗೆ ಅಂಟಿಸಿ ಸೋಫಾದಲ್ಲಿ ಕೂತು ನೋಡಿದೆ. ಮೂರು ಮೀಟರ್ ದೂರ. ೧ ಮತ್ತು ೦ ಎರಡೂ ಬರೀ ಉಂಗುರ. ೧೦ ಅನ್ನುವುದು ಎರಡು ಸೊನ್ನೆಯಂತೆ ಕಾಣುತ್ತಿತ್ತು. ೬ ಯಾವುದು, ೯ ಯಾವುದು ಅಂತ ಎದ್ದು ಹೋಗಿ ನೋಡಬೇಕಾಯಿತು. ಪುಸ್ತಕದಲ್ಲಿ ಈ ತೊಂದರೆ ಇಲ್ಲ, ಪುಸ್ತಕ ಕೈಯಲ್ಲಿರುತ್ತದೆ. ಡಯಲ್ ಗೋಡೆಯ ಮೇಲಿರುತ್ತದೆ.

ಮಾಡಿದ ಬದಲಾವಣೆ ಇಷ್ಟು. ಅಂಕಿಯ ಎತ್ತರ 15 ಮಿ.ಮೀ.ಗೆ ಏರಿಸಿದೆ. ಅಷ್ಟು ದೊಡ್ಡದಾದರೆ ಐದೇ ಅಂಕಿಗೆ ಜಾಗ, ಇರಲಿ. ನೋಟೋ ಸ್ಯಾನ್ಸ್ ಕನ್ನಡ ಫಾಂಟಿನ ದಪ್ಪ ಅಕ್ಷರ ತೆಗೆದುಕೊಂಡು, ೧ರ ಕೆಳಗಿನ ಬಾಯಿಯನ್ನು ಕೈಯಾರೆ ಇನ್ನಷ್ಟು ತೆರೆದೆ. ೬ರ ಮತ್ತು ೯ರ ಬಾಲಗಳನ್ನು ಸ್ವಲ್ಪ ಉದ್ದ ಎಳೆದೆ. ಮತ್ತೆ ಸೋಫಾದಿಂದ ನೋಡಿದೆ. ಈಗ ಅನುಮಾನವಿಲ್ಲ.

ಪದಗಳನ್ನು ಕಮಾನಿನ ಮೇಲೆ ಬಾಗಿಸಿ ಬರೆಯುವುದನ್ನೂ ಕೈಬಿಟ್ಟೆ. ಇಂಗ್ಲಿಷ್ ಡಯಲುಗಳಲ್ಲಿ ಅದು ಚೆಂದ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಬರುತ್ತದೆ. ಕಮಾನಿನ ಒಳಬದಿಯಲ್ಲಿ ಜಾಗ ಕಿರಿದಾಗುವುದರಿಂದ ಒತ್ತುಗಳು ಒಂದಕ್ಕೊಂದು ತಾಗಿ ಗಿಜಿಗಿಜಿ ಆಗುತ್ತವೆ. ನನ್ನ ಪದಗಳೆಲ್ಲ ಅಡ್ಡಕ್ಕೆ, ನೇರವಾಗಿ ಕೂತಿವೆ.

ಇನ್ನೊಂದು ಪಾಠ, ಪ್ರಿಂಟ್ ಅಂಗಡಿಯಿಂದ. ಅವರ ಕಂಪ್ಯೂಟರಿನಲ್ಲಿ ನನ್ನ ಫಾಂಟ್ ಇರಲಿಲ್ಲ. 'ಉಷ್ಣ'ದ ಣ-ಒತ್ತು ಕಳಚಿಕೊಂಡು ಪಕ್ಕದಲ್ಲಿ ಬಂದು ನಿಂತಿತು. ದುಡ್ಡು ಕೊಟ್ಟ ಮೇಲೆ ನೋಡಿದೆ. ಈಗ ಫೈಲ್ ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ಗೆರೆಗಳಾಗಿ ಬದಲಿಸಿಯೇ ಕಳಿಸುತ್ತೇನೆ. ಕನ್ನಡದಲ್ಲಿ ಪ್ರಿಂಟ್ ಹಾಕಿಸುವವರು ದಯವಿಟ್ಟು ಇದನ್ನು ಮರೆಯಬೇಡಿ. ಲ್ಯಾಮಿನೇಷನ್ ಮ್ಯಾಟ್ ಇರಲಿ, ಹೊಳೆಯುವುದು ಬೇಡ. ಟ್ಯೂಬ್‌ಲೈಟ್ ಅದರಲ್ಲೇ ಕಾಣುತ್ತದೆ.

ಜುಲೈ 6

ವಾಯುಭಾರದ ಬಿಲ್ಲೆ. ಎರಡು ವಾರ ಇದರಲ್ಲೇ ಕಳೆದಿದ್ದೇನೆ.

ಹಳೆಯ ಇಂಗ್ಲಿಷ್ ಬ್ಯಾರೋಮೀಟರುಗಳ ಮುಖ ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. 28ರಿಂದ 31 ಅಂಗುಲ ಪಾದರಸ. 29ರ ಹತ್ತಿರ ಮಳೆ, ಇಪ್ಪತ್ತೊಂಬತ್ತೂವರೆಗೆ ಬದಲಾವಣೆ, 30ಕ್ಕೆ ಒಳ್ಳೆಯ ಹವೆ ಅಂತ ಬರೆದಿರುತ್ತಾರೆ. ನಾನೂ ಹಾಗೇ 'ಮಳೆ', 'ಮೋಡ', 'ಬಿಸಿಲು' ಅಂತ ಬರೆದುಕೊಂಡೆ. ಒತ್ತಕ್ಷರವಿಲ್ಲದ ಮೂರು ಪದ ಸಿಕ್ಕಿದ್ದಕ್ಕೆ ಸಂತೋಷವೂ ಆಗಿತ್ತು.

ವಾಯುಭಾರ ಅಳೆಯುವ ಸೆನ್ಸರ್ ಹಾಕಿದೆ, ಬಿಎಂಪಿ280. ಮುಳ್ಳು ಎಡಗಡೆಯ ತುದಿಗೆ ಹೋಗಿ ನಿಂತಿತು. ಅಲ್ಲಿಂದ ಏಳಲೇ ಇಲ್ಲ.

ತಪ್ಪು ಸೆನ್ಸರಿನದಲ್ಲ, ಬಿಲ್ಲೆಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಸಮುದ್ರದ ದಡದಲ್ಲಿ ವಾಯುಭಾರ ಸರಾಸರಿ 1013 ಹೆಕ್ಟೋಪಾಸ್ಕಲ್ (ವಾಯುಭಾರದ ಈಗಿನ ಅಳತೆ) ಇದ್ದರೆ ಇಲ್ಲಿ 910ರ ಆಸುಪಾಸು. ಅಂಗುಲದಲ್ಲಿ 27ಕ್ಕೂ ಸ್ವಲ್ಪ ಕಡಿಮೆ. ಆ ಹಳೆಯ ಮುಖದಲ್ಲಿ ನಮ್ಮ ಊರಿಗೆ ಜಾಗವೇ ಇಲ್ಲ! ಹೊಸ ಅಳತೆ ಹಾಕಿದೆ: 900ರಿಂದ 920. ಒಂದು ಹೆಕ್ಟೋಪಾಸ್ಕಲಿಗೆ 15 ಡಿಗ್ರಿ, 45 ಹೆಜ್ಜೆ. ಎಲ್ಲ ಅಂಕಿಯೂ ೯ರಿಂದಲೇ ಶುರುವಾಗುವುದರಿಂದ ಎರಡು ತುದಿಗೆ ಮಾತ್ರ ೯೦೦, ೯೨೦ ಅಂತ ಪೂರ್ತಿ ಬರೆದು, ನಡುವೆ ೦೫, ೧೦, ೧೫ ಅಂತ ಬಿಟ್ಟಿದ್ದೇನೆ.

ಇಷ್ಟು ಹಿಗ್ಗಿಸಿದ ಮೇಲೆ ಮುಳ್ಳಿಗೆ ಜೀವ ಬಂತು. ಮಗಳು ಪವರ್‌ಬ್ಯಾಂಕ್ ಸಿಕ್ಕಿಸಿಕೊಂಡು ಪೆಟ್ಟಿಗೆಯನ್ನು ಮೂರನೇ ಮಹಡಿಯ ತಾರಸಿಗೆ ಹೊತ್ತುಕೊಂಡು ಹೋದಳು. ಮೆಟ್ಟಿಲು ಹತ್ತುತ್ತಾ ಹೋದ ಹಾಗೆ ಮುಳ್ಳು ಮೆಲ್ಲಗೆ ಇಳಿಯಿತು. ಹತ್ತು ಮೀಟರ್ ಮೇಲಕ್ಕೆ ಸುಮಾರು ಒಂದು ಹೆಕ್ಟೋಪಾಸ್ಕಲ್. "ಅಪ್ಪಾ, ಇದಕ್ಕೆ ಮೆಟ್ಟಿಲು ಎಣಿಸೋಕೆ ಬರುತ್ತೆ!" ಅಂತ ಮೇಲಿನಿಂದಲೇ ಕೂಗಿದಳು. ನಾಲ್ಕು ಸಲ ಹತ್ತಿ ಇಳಿದಳು.

ಆಮೇಲೆ 'ಮಳೆ, ಮೋಡ, ಬಿಸಿಲು' ಎಲ್ಲೆಲ್ಲಿ ಬರೆಯಬೇಕು ಅಂತ ಒಂದು ವಾರ ಗಮನಿಸಿದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಮುಳ್ಳು ಮೇಲೆ. ಸಂಜೆ ನಾಲ್ಕಕ್ಕೆ ಕೆಳಗೆ. ರಾತ್ರಿ ಹತ್ತಕ್ಕೆ ಮತ್ತೆ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಕೆಳಗೆ. ಮಳೆ ಬಂದರೂ ಹೀಗೇ, ಬಾರದಿದ್ದರೂ ಹೀಗೇ. ಸೂರ್ಯನ ಶಾಖಕ್ಕೆ ಇಡೀ ವಾತಾವರಣವೇ ದಿನಕ್ಕೆ ಎರಡು ಸಲ ಸಮುದ್ರದ ಭರತ-ಇಳಿತದ ಹಾಗೆ ಏರಿಳಿಯುತ್ತದೆ. ಸಮಭಾಜಕದ ಕಡೆ ಇದು ಜಾಸ್ತಿ, ಯುರೋಪಿನ ಕಡೆ ಕಡಿಮೆ. ಅಲ್ಲಿ ಮೋಡ-ಬಿರುಗಾಳಿಗಳ ಏರಿಳಿತವೇ ದೊಡ್ಡದು. ಇಲ್ಲಿ ಬಹಳಷ್ಟು ದಿನ ಈ ಉಸಿರಾಟವೇ ದೊಡ್ಡದು. ಸಂಜೆ ನಾಲ್ಕಕ್ಕೆ ಮುಳ್ಳು 'ಮಳೆ' ತೋರಿಸಿದರೆ ಅದು ಪ್ರತಿದಿನದ ನಾಲ್ಕು ಗಂಟೆ, ಅಷ್ಟೆ.

ಬೆಂಗಳೂರಿನ ಗೋಡೆಯ ಮೇಲೆ ಆ ಮೂರು ಪದ ಸುಳ್ಳಾಗುತ್ತವೆ. ತೆಗೆದುಬಿಟ್ಟೆ.

ಜುಲೈ 13

ಆ ಮೂರು ಪದಗಳ ಬದಲಿಗೆ ಇನ್ನೊಂದು ಬಿಲ್ಲೆ ಮಾಡಿದ್ದೇನೆ. ಹೆಸರು 'ನಿನ್ನೆ ಇಷ್ಟೊತ್ತಿಗೆ'. ಸೊನ್ನೆ ನೆತ್ತಿಯಲ್ಲಿ. ಎಡಕ್ಕೆ ೬ ಕಡಿಮೆ, ಬಲಕ್ಕೆ ೬ ಜಾಸ್ತಿ. ನಿನ್ನೆ ಇದೇ ಗಂಟೆಯಲ್ಲಿ ಇದ್ದ ವಾಯುಭಾರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ. ದಿನದ ಏರಿಳಿತ ಎರಡು ದಿನವೂ ಒಂದೇ ಥರ ಇರುವುದರಿಂದ ಕಳೆದರೆ ಹೊರಟುಹೋಗುತ್ತದೆ. ಉಳಿಯುವುದು ಹವೆಯ ನಿಜವಾದ ಬದಲಾವಣೆ. 'ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಅಂತ ವಾರ್ತೆಯಲ್ಲಿ ಕೇಳುತ್ತಲೇ ಬೆಳೆದವರು ನಾವು. ಅಂಥ ಕುಸಿತ ನಮ್ಮ ಕಡೆ ಸರಿದರೆ ಈ ಮುಳ್ಳು ದಿನವಿಡೀ ಎಡಕ್ಕೇ ವಾಲಿರುತ್ತದೆ. ಕಾಯುತ್ತಿದ್ದೇನೆ.

ಇದಕ್ಕೆ ಗಂಟೆ ಗೊತ್ತಿರಬೇಕು, ಹಾಗಾಗಿ ಡಿಎಸ್3231 ಗಡಿಯಾರದ ಚಿಪ್ ಸೇರಿಸಿದೆ. ಕರೆಂಟ್ ಹೋದರೂ ನೆನಪಿರಬೇಕು, ಹಾಗಾಗಿ ಗಂಟೆಗೊಂದು ಅಳತೆ ನ್ಯಾನೋದ ಈಈಪ್ರಾಮಿನಲ್ಲಿ, ಅಂದರೆ ಕರೆಂಟಿಲ್ಲದೆಯೂ ಅಳಿಯದ ನೆನಪಿನಲ್ಲಿ, ಪ್ರತಿ ಗಂಟೆಗೆ ಬೇರೆ ಬೇರೆ ಮನೆ. ಒಂದೊಂದು ಮನೆಗೂ ಲಕ್ಷ ಸಲ ಬರೆಯಬಹುದು ಅನ್ನುತ್ತಾರೆ. ಒಂದು ಮನೆಗೆ ದಿನಕ್ಕೆ ಒಂದೇ ಸಲ ಬರೆಯುವ ನನಗೆ ಯೋಚನೆಯಿಲ್ಲ. ಕರೆಂಟ್ ಬಂದ ಕೂಡಲೇ ಮುಳ್ಳು 945 ಹೆಜ್ಜೆ ಹಿಂದೆ ಹೋಗಿ ತಡೆಗೆ ತಾಗಿ, ತನ್ನ ಸೊನ್ನೆ ಹುಡುಕಿಕೊಳ್ಳುತ್ತದೆ.

ಜುಲೈ 27

ಚೌಕಾಬಾರ.

ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲೆ ಮಾಡಿ ಬೀಳುತ್ತವೋ ಅಷ್ಟು. ನಾಲ್ಕೂ ಬಿದ್ದರೆ ಚೌಕ. ಒಂದೂ ಬೀಳದಿದ್ದರೆ ಬಾರ, ಅಂದರೆ ಎಂಟು. ಚೌಕ ಬಿದ್ದರೂ ಬಾರ ಬಿದ್ದರೂ ಮತ್ತೊಂದು ಸಲ ಕವಡೆ ಹಾಕಬಹುದು.

ಕವಡೆ ಎರಡು ಕಡೆಗೂ ಸಮವಾಗಿ ಬೀಳುತ್ತದೆ ಅಂದುಕೊಂಡರೆ ಲೆಕ್ಕ ಸುಲಭ. ಹದಿನಾರರಲ್ಲಿ ಒಂದು ಚೌಕ, ಒಂದು ಬಾರ, ನಾಲ್ಕು ಸಲ ಒಂದು, ಆರು ಸಲ ಎರಡು, ನಾಲ್ಕು ಸಲ ಮೂರು. 300 ಡಿಗ್ರಿಯನ್ನು ಹಾಗೇ ಹಂಚಿದೆ. ಎರಡಕ್ಕೆ ನೂರಹನ್ನೆರಡೂವರೆ ಡಿಗ್ರಿ, ಚೌಕಕ್ಕೆ ಹತ್ತೊಂಬತ್ತೂ ಇಲ್ಲ. ಬಟನ್ ಒತ್ತಿದರೆ ಮುಳ್ಳು ಆ ತುದಿಗೂ ಈ ತುದಿಗೂ ಮೂರು ಸಲ ಓಲಾಡಿ, ನಿಧಾನವಾಗಿ, ಒಂದು ಕಡೆ ನಿಲ್ಲುತ್ತದೆ.

ಅಜ್ಜಿ ಒಂದು ಆಟ ಆಡಿದರು. ಇನ್ನೊಂದು ಆಡಿದರು. ಆಮೇಲೆ ಬಟನ್ನಿನಿಂದ ಕೈ ತೆಗೆದು ಹೇಳಿದರು: "ಇದು ಕವಡೆ ಥರ ಬೀಳ್ತಾ ಇಲ್ಲ ಕಣೋ. ಬಾರ ಎಲ್ಲಿ? ನನ್ನ ಕವಡೆಗೆ ಬಾರ ಜಾಸ್ತಿ."

ಅಜ್ಜಿಯ ಕವಡೆ ತಂದು, ಅವರು ಎಣಿಸುತ್ತಾ, ನಾನು ಹಾಕುತ್ತಾ, ಇಡೀ ಸಂಜೆ ಕೂತೆವು. ಅಜ್ಜಿ ಹೇಳಿದ್ದು ಸರಿ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡು ಕಡೆಯೂ ಒಂದೇ ಅಲ್ಲ. ಅಜ್ಜಿಯ ಕವಡೆಗಳು ಹೆಚ್ಚು ಕಡಿಮೆ ಐದರಲ್ಲಿ ಎರಡು ಸಲ ಮಾತ್ರ ಬಾಯಿ ಮೇಲೆ ಮಾಡುತ್ತವೆ. ಕೇಳಲು ಸಣ್ಣ ವ್ಯತ್ಯಾಸ. ಆದರೆ ನಾಲ್ಕು ಕವಡೆ ಸೇರಿದಾಗ ಬಾರ ನೂರರಲ್ಲಿ 13 ಸಲಕ್ಕೆ ಏರುತ್ತದೆ, ಚೌಕ 3 ಸಲಕ್ಕಿಂತಲೂ ಕೆಳಗೆ ಇಳಿಯುತ್ತದೆ. ಒಂದು ಮತ್ತು ಎರಡು ಸಮವಾಗುತ್ತವೆ, ಸುಮಾರು 35. ಉಳಿದ 15 ಮೂರಕ್ಕೆ.

ಆಗಸ್ಟ್ 3

ಬಿಲ್ಲೆ ಮತ್ತೆ ಬರೆದೆ. ಬಾರ 39 ಡಿಗ್ರಿ. ಚೌಕ 8 ಡಿಗ್ರಿಗೂ ಕಡಿಮೆ, ಒಂದು ತೆಳು ಕೆಂಪು ಪಟ್ಟಿ. ಅದನ್ನು ಒಂದು ಮತ್ತು ಎರಡರ ನಡುವೆ ಇಟ್ಟಿದ್ದೇನೆ. ಓಲಾಡುವಾಗ ಮುಳ್ಳು ಪ್ರತಿ ಸಲವೂ ಅದನ್ನು ದಾಟಲೇಬೇಕು. ಆ ಗಳಿಗೆಯಲ್ಲಿ ಆಡುವವರೆಲ್ಲ ಉಸಿರು ಬಿಗಿಹಿಡಿಯುತ್ತಾರೆ.

ಮುಳ್ಳು ಗೆರೆಯ ಮೇಲೆಯೇ ನಿಂತರೆ ಜಗಳ. ಗೆರೆಯ ಹತ್ತಿರ ಬಂದದ್ದನ್ನೆಲ್ಲ ಬಿಟ್ಟುಬಿಡು ಅಂದರೆ, ಕೇವಲ 23 ಹೆಜ್ಜೆಯ ಚೌಕಕ್ಕೆ ಅನ್ಯಾಯ. ಹಾಗಾಗಿ ಯಂತ್ರ ಮೊದಲು ಎಷ್ಟು ಬಿತ್ತು ಅಂತ ಆರಿಸಿ, ಆಮೇಲೆ ಆ ಭಾಗದೊಳಗೆ ಗೆರೆಯಿಂದ ದೂರ ಒಂದು ಜಾಗ ಹುಡುಕುತ್ತದೆ. ಹೀಗೆ ಮಾಡಿದರೆ ಎಲ್ಲ ಭಾಗಗಳನ್ನೂ ಒಂದೇ ಅಗಲ ಮಾಡಬಹುದಿತ್ತು. ಮಾಡಲಿಲ್ಲ. ಚೌಕ ಎಷ್ಟು ಅಪರೂಪ ಅನ್ನುವುದು ಕಣ್ಣಿಗೇ ಕಾಣಬೇಕು.

ಹಳದಿ ನೆಲ, ಕಪ್ಪು ಅಂಕಿ. ಅಜ್ಜಿಯ ಕಣ್ಣಿಗೆ ಅದೇ ಚೆನ್ನಾಗಿ ಕಾಣುವುದು.

ಆಗಸ್ಟ್ 10

ಅಜ್ಜಿ ಮತ್ತು ಮಗಳು ಮೂರು ಆಟ ಆಡಿದರು. ಅಜ್ಜಿ ಎರಡು ಗೆದ್ದರು. ಬಾರದ ಬಗ್ಗೆ ದೂರಿಲ್ಲ. ಕವಡೆಯ ಸದ್ದು ಮಾತ್ರ ಬೇಕಂತೆ. ಮುಳ್ಳು ನಿಂತಾಗ ಒಂದು ಸಣ್ಣ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಕಡ್ಡಿಯನ್ನು ಚಲಿಸುವ ಸುರುಳಿ) ಪ್ಲೈವುಡ್ಡಿಗೆ ನಾಲ್ಕು ಸಲ ಟಕ್ ಟಕ್ ಅಂತ ಬಡಿಯುವ ಹಾಗೆ ಮಾಡಬಹುದು. ಸೋಮವಾರ ಎಸ್.ಪಿ. ರಸ್ತೆಗೆ ಹೋಗುತ್ತೇನೆ. ತಂಬೂರಿ ಶ್ರುತಿ ಮಾಡುವ ಬಿಲ್ಲೆಗೆ ಮೈಕೂ ತರಬೇಕು. ಅದರ ಬೆನ್ನಿಗೆ 47 ಕಿಲೋಓಮ್.