ಹಕ್ಕು ಹೇಳಿಕೊಟ್ಟರೆ ಹುಡುಗರು ಜಗಳಕ್ಕೆ ನಿಲ್ಲುವುದಿಲ್ಲವಾ?

ಕೊಡಗಿನ ಹುಡುಗ ಹುಡುಗಿಯರ ಜೊತೆ ಶಾಂತಿ, ಮಾನವ ಹಕ್ಕು ಅಂತ ಕೆಲಸ ಮಾಡುತ್ತೇನೆ ಎಂದರೆ ಸಾಕು, ಮದುವೆ ಮನೆಯಲ್ಲೂ ಸಂತೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. "ಹಕ್ಕು ಹಕ್ಕು ಅಂತ ಹೇಳಿಕೊಟ್ರೆ ಎದುರು ಮಾತಾಡೋದು ಕಲೀತಾರೆ ಅಷ್ಟೇ. ಅದರಿಂದ ಶಾಂತಿ ಎಲ್ಲಿಂದ ಬರುತ್ತೆ?" ಕೇಳುವವರು ಕೆಟ್ಟವರಲ್ಲ. ಊರು ತಣ್ಣಗಿರಲಿ ಎಂಬುದು ಅವರ ಆಸೆ. ನನ್ನ ಆಸೆಯೂ ಅದೇ.

ಆದರೆ ನನ್ನ ಉತ್ತರ ಬೇರೆ. ಮಕ್ಕಳು ಮಾತಾಡಲಿ. ಯಾರ ಮುಂದೆ ಮಾತಾಡಬೇಕು, ಕೈಯಲ್ಲಿ ಯಾವ ಕಾಗದ ಇರಬೇಕು ಎಂಬುದನ್ನೂ ಕಲಿಯಲಿ. ಅದು ಗೊತ್ತಿಲ್ಲದಾಗಲೇ ಸಿಟ್ಟು ಬೀದಿಗೆ ಬರುವುದು.

2016ರ ಡಿಸೆಂಬರ್‌ನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಿ. ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆ ಎಬ್ಬಿಸಿತು. ಅವರಲ್ಲಿ ತುಂಬಾ ಜನ ಕಾಫಿ ತೋಟಗಳ ಲೈನ್ ಮನೆಗಳಿಂದ, ಅಂದರೆ ಕೂಲಿಯವರಿಗಾಗಿ ತೋಟದಲ್ಲೇ ಸಾಲಾಗಿ ಕಟ್ಟಿದ ಮನೆಗಳಿಂದ, ಹೊರಬಂದವರು. ದೊಡ್ಡ ಹೋರಾಟವೇ ನಡೆಯಿತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಸರ್ಕಾರ ಅವರಿಗೆ ನೆಲೆ ಕೊಟ್ಟಿತು. ಆ ದಿನಗಳಲ್ಲಿ "ಇಷ್ಟು ದಿನ ಸುಮ್ನೆ ಇದ್ದವರು ಈಗ್ಯಾಕೆ ಗಲಾಟೆ ಮಾಡ್ತಾರೆ" ಅನ್ನುವ ಮಾತು ಕೇಳುತ್ತಿತ್ತು. ಸುಮ್ಮನಿದ್ದರು ನಿಜ. ಆದರೆ ಲೈನ್ ಮನೆಯಲ್ಲಿ ಹುಟ್ಟಿ, ಅಲ್ಲೇ ಮುದುಕರಾಗಿ, ಸ್ವಂತಕ್ಕೆ ಒಂದು ತುಂಡು ಜಾಗವಿಲ್ಲದೆ ಹೋದವರ ಮೌನವನ್ನು ಶಾಂತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹುಡುಗರು ಬೇಕಾಗುವುದು ಇಲ್ಲೇ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಕಾಡಿನ ಜಾಗದಲ್ಲಿ ವಾಸವಿರುವ, ಉಳುಮೆ ಮಾಡುತ್ತಿರುವ ಬುಡಕಟ್ಟು ಕುಟುಂಬ 4 ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಅರ್ಜಿ ಹೋಗುವುದು ಗ್ರಾಮಸಭೆಗೆ. ದಾಖಲೆ ಅಂದರೆ ಬರೀ ಪಟ್ಟಾ, ಪಹಣಿ ಅಲ್ಲ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ. ಹಳೆಯ ಸಮಾಧಿ, ದೇವರ ಜಾಗ ಕೂಡ ಸಾಕ್ಷಿ. ಅಜ್ಜಿಗೆ ಎಲ್ಲಾ ನೆನಪಿದೆ, ಬರೆಯಲು ಬರುವುದಿಲ್ಲ. ಮೊಮ್ಮಗಳಿಗೆ ಬರೆಯಲು ಬರುತ್ತದೆ, ಆದರೆ ಅಜ್ಜನನ್ನು ಎಲ್ಲಿ ಮಣ್ಣು ಮಾಡಿದರು ಎಂದು ಅವಳು ಕೇಳಿಯೇ ಇಲ್ಲ. ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ, ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ನೋಡಿ. ತನ್ನ ಬುಡಕಟ್ಟಿನ ಯರವ ಮಾತಿನಲ್ಲಿ ಅಜ್ಜಿ ಹೇಳುತ್ತಾಳೆ, ಹುಡುಗಿ ಕನ್ನಡದಲ್ಲಿ ಬರೆಯುತ್ತಾಳೆ. ಉಪವಿಭಾಗ ಮಟ್ಟದಲ್ಲಿ ಅರ್ಜಿ ತಿರಸ್ಕಾರವಾದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು ಎಂದು ತಿಳಿದವಳು ಯಾಕೆ ಕಲ್ಲು ಎತ್ತುತ್ತಾಳೆ? ಸ್ವೀಕೃತಿ ಚೀಟಿ ಕೇಳುತ್ತಾಳೆ, ತಾರೀಕು ಬರೆದಿಟ್ಟುಕೊಳ್ಳುತ್ತಾಳೆ.

"ಅದೆಲ್ಲಾ ಸರಿ, ನಮ್ಮದು ಯೋಧರ ನಾಡು, ಶಾಂತಿ ಗೀಂತಿ ನಮಗೆ ಒಗ್ಗಲ್ಲ" ಅನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಕತೆ. ಮಡಿಕೇರಿಯಲ್ಲಿ ಅವರ ಪ್ರತಿಮೆ ನೋಡದ ಮಕ್ಕಳಿಲ್ಲ. ಅವರು ಹುಟ್ಟಿದ ಸನ್ನಿ ಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಯುದ್ಧದ ಕತೆಗಳು ಎಲ್ಲರಿಗೂ ಬಾಯಿಪಾಠ. ಕೊರಿಯಾದ ಕತೆ ಕೇಳಿದವರು ಕಡಿಮೆ. 1953ರಲ್ಲಿ ಅಲ್ಲಿ ಕದನ ವಿರಾಮವಾದಾಗ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ವಾಪಸ್ ಹೋಗುವುದಿಲ್ಲ ಎಂದು ಕೂತರು. ಎರಡೂ ಕಡೆಯವರಿಗೆ ಅದು ಮರ್ಯಾದೆ ಪ್ರಶ್ನೆ. ಕೈದಿಗಳ ವಿಷಯ ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ಮಾಡಿದರು, ಅದಕ್ಕೆ ಅಧ್ಯಕ್ಷರು ತಿಮ್ಮಯ್ಯ. ಒಬ್ಬ ಕೈದಿಯನ್ನೂ ಬಲವಂತದಿಂದ ಕಳಿಸುವಂತಿಲ್ಲ, ಬಲವಂತದಿಂದ ಇಟ್ಟುಕೊಳ್ಳುವಂತೆಯೂ ಇಲ್ಲ, ಅವನ ತೀರ್ಮಾನ ಅವನದೇ ಎಂಬುದು ಕರಾರು. ಅದನ್ನು ನಡೆಸಿಕೊಡುವ ಭಾರ ನಮ್ಮ ಮಡಿಕೇರಿಯವರ ಹೆಗಲ ಮೇಲಿತ್ತು. ಆಮೇಲೆ ಗ್ರೀಕರು, ತುರ್ಕರು ಹೊಡೆದಾಡುತ್ತಿದ್ದ ಸೈಪ್ರಸ್‌ಗೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಇದನ್ನು ಹೇಳುವಾಗ ಎನ್‌ಸಿಸಿ ಹುಡುಗರು ಕದಲದೆ ಕೇಳುತ್ತಾರೆ. ಯೋಧರ ನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ನಮ್ಮಲ್ಲೇ ಬೆಂಕಿ ಬಿದ್ದ ದಿನಗಳನ್ನೂ ಮರೆಯಬಾರದು. 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿಯ ಹೊತ್ತಿಗೆ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. ಅದಾಗಿ ಒಂದು ತಿಂಗಳಿಗೆ, ಡಿಸೆಂಬರ್ 9ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುವಜನರ ಬಗ್ಗೆ 2250ನೇ ನಿರ್ಣಯ ಮಾಡಿತು. ಅದರ ಸಾರ ಇಷ್ಟೇ: 18ರಿಂದ 29ರ ವಯಸ್ಸಿನವರನ್ನು ಗಲಾಟೆ ಮಾಡುವವರು ಎಂದು ದೂರ ಇಡಬೇಡಿ, ತೀರ್ಮಾನ ಮಾಡುವ ಜಾಗದಲ್ಲಿ ಕೂರಿಸಿ. ನಮ್ಮಲ್ಲಿ ಶಾಂತಿ ಸಭೆ ಅಂದರೆ ಇವತ್ತಿಗೂ ಠಾಣೆಯಲ್ಲಿ ಮುಖಂಡರು ಟೀ ಕುಡಿದು ಕೈ ಕುಲುಕುವುದು. ಮೊಬೈಲಿನಲ್ಲಿ ಸುಳ್ಳು ಸುದ್ದಿ ಓಡಾಡುವುದು ಹುಡುಗರ ಗುಂಪಿನಲ್ಲಿ. ಅವರನ್ನು ಆ ಸಭೆಗೆ ಯಾರೂ ಕರೆಯುವುದಿಲ್ಲ. ಕರೆಯಲೇಬೇಕು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇದೇ ಹುಡುಗರನ್ನು ನೋಡಿದ್ದೇವಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಮಣ್ಣು ಜಾರಿ ಮನೆಗಳೇ ಹೋದವು. ಜಾತಿ ಕೇಳದೆ ಮುದುಕರನ್ನು ಹೊತ್ತು ತಂದರು. ಮಾಡಲು ನಿಜವಾದ ಕೆಲಸವಿತ್ತು, ಅದಕ್ಕೇ ಬಂದರು. ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆ ಜಾಥಾ, ಪ್ರತಿಜ್ಞೆ, ಚಿತ್ರ ಬರೆಯುವ ಸ್ಪರ್ಧೆ ಮಾಡಿ "ಯುವಕರು ಬರ್ತಾನೇ ಇಲ್ಲ" ಎಂದು ಕೊರಗಿದರೆ ಏನು ಬಂತು?

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನನಗೆ ತುಂಬಾ ಇಷ್ಟ. ಗೌಡ ಕುಟುಂಬಗಳ ಕ್ರಿಕೆಟ್ಟೂ ಜೋರಾಗಿ ನಡೆಯುತ್ತದೆ. ಅವು ನಡೆಯಲಿ. ಜೊತೆಗೆ ಊರಿಗೊಂದು ಟೀಮೂ ಇರಲಿ. ಹಾಡಿಯ ಹುಡುಗ, ಮಾಪಿಳ್ಳೆ ಹುಡುಗ, ತೋಟದ ಮಾಲೀಕರ ಮಗ, ಲೈನ್ ಮನೆಯ ಅಸ್ಸಾಂ ಹುಡುಗ ಒಂದೇ ಬಣ್ಣದ ಜರ್ಸಿ ಹಾಕಲಿ. ಹೆಣ್ಣುಮಕ್ಕಳಿಗೂ ಟೀಮ್ ಬೇಕು. ಒಟ್ಟಿಗೆ ಆಡಿದ ಹುಡುಗನ ಮನೆಯವರ ಮೇಲೆ ಕೆಟ್ಟ ಸುದ್ದಿ ಬಂದರೆ ಮೊದಲು ಅವನಿಗೇ ಫೋನ್ ಮಾಡುತ್ತೀರಿ, ಅಲ್ವಾ?

ಹಾಗಾದರೆ ಎಲ್ಲಿಂದ ಶುರು ಮಾಡೋಣ ಎಂದು ಕೇಳುವ ಮೇಷ್ಟ್ರುಗಳಿಗೆ: ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು. ತಾರೀಕು ಯಾವಾಗ ಎಂದು ಪಿಡಿಒ ಅವರನ್ನು ಕೇಳಿ. ಮಕ್ಕಳೇ ತಮ್ಮ ಪ್ರಶ್ನೆ ಬರೆದು ತರಲಿ. ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ, ಮುಂದಿನ ವರ್ಷ ಅದೇ ಪುಟ ತೆಗೆದು ಏನಾಯ್ತು ಎಂದು ಕೇಳಲಿ. ದೊಡ್ಡ ಹುಡುಗರಿಗೆ ಇನ್ನೆರಡು ವಿಷಯ ಹೇಳಿಕೊಡಿ. ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ಆದರೆ ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಮಕ್ಕಳಿಗೆ ತೊಂದರೆಯಾದರೆ 1098. ಈ ನಂಬರುಗಳನ್ನು ಕ್ಲಾಸಿನ ಗೋಡೆ ಮೇಲೆ ಬರೆಸಿ. ತೋಟದ ಲೈನ್ ಮನೆಗಳ ಗೋಡೆ ಮೇಲೂ ಬರೆಸಲು ಮಾಲೀಕರು ಒಪ್ಪಿದರೆ, ಸುಣ್ಣ ಬಣ್ಣ ಹಿಡಿದು ಬರಲು ನಮ್ಮ ಹುಡುಗರು ಸಿದ್ಧರಿದ್ದಾರೆ.