ಬೋರ್ಡಿಲ್ಲದ ಅಂಗಡಿಗೆ ಗಿರಾಕಿ ಎಲ್ಲಿಂದ ಬರ್ತಾರೆ?

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಅಡ್ಡರಸ್ತೆಯಲ್ಲಿ ನನ್ನ ಮಿಕ್ಸಿ-ಗ್ರೈಂಡರ್ ರಿಪೇರಿ ಅಂಗಡಿ. ಹತ್ತಡಿ ಅಗಲವೂ ಇಲ್ಲ. ಒಂದು ಆಷಾಢದ ಗಾಳಿಗೆ ಬೋರ್ಡು ಹಾರಿಹೋಯಿತು, ಮತ್ತೆ ಹಾಕಿಸಿಲ್ಲ. ಹೊಸದಾಗಿ ಅಂಗಡಿ ಇಟ್ಟ ಹುಡುಗರು, ನೆಂಟರು, ಪಕ್ಕದ ಬಟ್ಟೆ ಅಂಗಡಿಯವರು, ಎಲ್ಲರೂ ಕೇಳುವುದು ಒಂದೇ: "ಬೋರ್ಡಿಲ್ಲ, ಜಾಹೀರಾತಿಲ್ಲ. ಜನ ಅದು ಹೆಂಗೆ ನಿಮ್ಮನ್ನೇ ಹುಡುಕ್ಕೊಂಡು ಬರ್ತಾರೆ?" ಪ್ರತಿ ಸಲ ನಕ್ಕು ಸುಮ್ಮನಾಗುತ್ತಿದ್ದೆ. ಈ ಸಲ ಬರೆದೇಬಿಡುತ್ತೇನೆ.

ಯುಗಾದಿಯ ಹಿಂದಿನ ರಾತ್ರಿ ನಮಗೆ ಸುಗ್ಗಿ. ಹೂರಣಕ್ಕೆ ನೀರು ಹಾಕುವಂತಿಲ್ಲ, ಬೆಂದ ಬೇಳೆ ಬೆಲ್ಲದ ಜೊತೆ ಸೇರಿ ಜಾರಿನಲ್ಲಿ ಜೇಡಿಮಣ್ಣಿನ ಹಾಗೆ ಕಚ್ಚಿಕೊಳ್ಳುತ್ತದೆ. ಬ್ಲೇಡು ತಿರುಗಲಾರದು, ಮೋಟಾರು ಕಾದು ಟಪ್ ಅಂತ ನಿಲ್ಲುತ್ತದೆ. ಕೆಲವು ವರ್ಷದ ಹಿಂದೆ ಹಾಗೇ ಒಬ್ಬ ಹೆಂಗಸು ರಾತ್ರಿ ಒಂಬತ್ತಕ್ಕೆ, ನಾನು ಷಟರ್ ಎಳೆಯುವ ಹೊತ್ತಿಗೆ, ಮಿಕ್ಸಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಿಬಂದರು. ಸೆರಗಿನ ಅಂಚಿಗೆ ಹೂರಣ ಮೆತ್ತಿಕೊಂಡಿತ್ತು. "ಅಣ್ಣಾ, ಎಷ್ಟಾದ್ರೂ ತಗೊಳ್ಳಿ, ಬೆಳಿಗ್ಗೆ ಹಬ್ಬ."

ಮಿಕ್ಸಿಯನ್ನು ಮಗುಚಿದೆ. ತಳದಲ್ಲಿ ಬೆರಳ ತುದಿಯಷ್ಟು ಒಂದು ಕೆಂಪು ಗುಂಡಿ ಇರುತ್ತದೆ, ಓವರ್‌ಲೋಡ್ ಸ್ವಿಚ್ಚು. ಮೋಟಾರು ಸುಡದಿರಲಿ ಅಂತ ತಾನೇ ಕರೆಂಟು ಕಡಿದುಕೊಂಡು ಹೊರಗೆ ಚಾಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ತಣಿಯಲು ಬಿಟ್ಟು ಒಳಗೆ ಒತ್ತಿದರೆ ಆಯಿತು. ಒತ್ತಿದೆ, ಓಡಿತು. "ಎಷ್ಟಾಯ್ತು?" ಅಂದರು. "ಏನಿಲ್ಲಕ್ಕ, ಇಲ್ಲಿ ಬಗ್ಗಿ ನೋಡಿ. ಮುಂದಿನ ಸಲ ಇದನ್ನ ನೀವೇ ಒತ್ಕೊಳ್ಳಿ. ಹೂರಣ ಒಂದೊಂದೇ ಹಿಡಿ ಹಾಕಿ ತಿರುಗಿಸಿ."

ಆ ಹೊತ್ತಿನಲ್ಲಿ ನಾನೂರು ಕೇಳಿದ್ದರೂ ಕೊಡುತ್ತಿದ್ದರು. ನಾನು ಕೆಲಸ ಕಲಿತ ಅಂಗಡಿಯಲ್ಲಿ ಅದನ್ನೇ ಮಾಡುತ್ತಿದ್ದರು. ಗುಂಡಿ ಮೇಲೆದ್ದ ಮಿಕ್ಸಿಯನ್ನು ಎರಡು ದಿನ ಕಪಾಟಿನಲ್ಲಿಟ್ಟು, ಬಟ್ಟೆಯಲ್ಲಿ ಒರೆಸಿ, "ವೈಂಡಿಂಗ್ ಹೋಗಿತ್ತು", ಅಂದರೆ ಮೋಟಾರಿನ ತಂತಿ ಸುತ್ತೇ ಸುಟ್ಟಿತ್ತು, ಅಂತ ಬಿಲ್ ಬರೆಯುವುದು. ಬರೆದವನು ನಾನೇ, ಎಷ್ಟೋ ಸಲ. ಹದಿನೆಂಟರ ಹುಡುಗ, ಯಜಮಾನರು ಹೇಳಿದ್ದು ಬರೆದೆ ಅಂತ ಈಗ ಸಮಾಧಾನ ಹೇಳಿಕೊಳ್ಳಬಹುದು, ಅಷ್ಟೇ.

ನಮ್ಮ ಕಸುಬಿನ ಪೇಚು ಇಲ್ಲಿದೆ. ಹೋಟೆಲಿನ ಸಾಂಬಾರು ಹಳಸಿದ್ದರೆ ನಾಲಿಗೆಗೆ ಗೊತ್ತಾಗುತ್ತದೆ. ಮಿಕ್ಸಿಯ ಹೊಟ್ಟೆಯೊಳಗೆ ಏನಾಗಿದೆ ಅಂತ ಗಿರಾಕಿಗೆ ಗೊತ್ತಾಗುವುದಿಲ್ಲ, ನಾನು ಹೇಳಿದ್ದೇ ವೇದ. ಹಾಗೆ ನೋಡಿದರೆ ಹೋಟೆಲಿನವರೇ ಒಬ್ಬರು ಇದಕ್ಕೆ ದಾರಿ ತೋರಿಸಿದ್ದಾರೆ. 1924ರಲ್ಲಿ ಶುರುವಾದ ಬೆಂಗಳೂರಿನ ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಿ ಬಂದ ಮೇಲೆ ಶುಚಿತ್ವದ ಹಿಂದೆ ಬಿದ್ದರು. ತಿನ್ನಲು ಬಂದವರು ಅಡುಗೆಮನೆಯನ್ನು ಕಣ್ಣಾರೆ ನೋಡಲಿ ಅಂತ ಬಿಟ್ಟರು. ನನ್ನ ಹತ್ತಡಿಯಲ್ಲಿ ಅಷ್ಟೆಲ್ಲ ಆಗದು. ಆದರೆ ಕೆಲಸದ ಮೇಜನ್ನು ಒಳಗಿನ ಗೋಡೆಯಿಂದ ಎಳೆದು ರಸ್ತೆಯ ಕಡೆಗೆ ಹಾಕಿಕೊಂಡೆ. ಬಿಚ್ಚುವುದು, ಕಟ್ಟುವುದು ಗಿರಾಕಿಯ ಮುಂದೆಯೇ. ಬಿಟ್ಟು ಹೋದವರಿಗೆ ಸವೆದ ಕಪ್ಲರ್, ತುಂಡಾದ ಬುಶ್, ಏನೇ ತೆಗೆದಿರಲಿ, ಒಂದು ಕವರಿನಲ್ಲಿ ಹಾಕಿ ಮಿಕ್ಸಿಯ ಜೊತೆ ಕೊಡುತ್ತೇನೆ. ಬಹಳ ಜನ ಮೆಟ್ಟಿಲಿಳಿಯುವ ಮೊದಲೇ ಅದನ್ನು ಎಸೆಯುತ್ತಾರೆ. ಎಸೆಯಲಿ, ನೋಡಿ ಎಸೆದರಲ್ಲ.

ಹಳೇ ಸುಮೀತ್ ಕಂಪನಿಯ ಮಿಕ್ಸಿ ತಂದ ಅಜ್ಜಿಯೊಬ್ಬರು ನೆನಪಾಗುತ್ತಾರೆ. ಆ ಸುಮೀತ್ ಹುಟ್ಟಿದ್ದೇ ರಿಪೇರಿಯಾಗದ ಒಂದು ಮಿಕ್ಸಿಯಿಂದ: 1960ರ ದಶಕದಲ್ಲಿ ಮುಂಬಯಿಯ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ಇಲ್ಲಿನ ಅಡುಗೆಗೆ ತಾಳದೆ ಸುಟ್ಟುಹೋಯಿತು, ಅವರು ತಾವೇ ಗಟ್ಟಿಯಾದದ್ದೊಂದನ್ನು ಮಾಡಲು ಕೂತರು. ಅಜ್ಜಿಯ ಮಿಕ್ಸಿಯ ಆರ್ಮೇಚರ್, ಮೋಟಾರಿನೊಳಗೆ ತಿರುಗುವ ಭಾಗ, ಪೂರ್ತಿ ಕರಕಲು. "ಮಾಡಿಕೊಡಬಹುದಮ್ಮ, ಆದ್ರೆ ಹೆಚ್ಚುಕಡಿಮೆ ಹೊಸದರ ದುಡ್ಡಾಗತ್ತೆ, ಎಷ್ಟು ದಿನ ಬಾಳತ್ತೋ ನಾನು ಹೇಳಲಾರೆ" ಅಂದೆ. ಅವರಿಗೆ ಸಿಟ್ಟು ಬಂತು, ಬೇರೆಯವರ ಹತ್ತಿರ ತಗೊಂಡು ಹೋದರು. ಎಲ್ಲ ನಿಜಕ್ಕೂ ಬಹುಮಾನ ಸಿಗುವುದಿಲ್ಲ.

ನಾನೂ ಎಡವಿದ್ದೇನೆ. ಒಂದು ಸಲ ಬೆಂಗಳೂರಿನ ಎಸ್.ಪಿ. ರೋಡಿನಿಂದ ಕಡಿಮೆ ರೇಟಿಗೆ ಸಿಕ್ಕಿತು ಅಂತ ಕಾರ್ಬನ್ ಬ್ರಷ್ ಒಂದು ಲಾಟು ತಂದೆ. ತಿರುಗುವ ಆರ್ಮೇಚರ್‌ಗೆ ಕರೆಂಟು ಮುಟ್ಟಿಸುವ ಸಣ್ಣ ತುಂಡು ಅದು. ಕಲ್ಲಿನ ಹಾಗೆ ಗಟ್ಟಿ. ಎರಡೇ ತಿಂಗಳಲ್ಲಿ ಮೂರು ಮಿಕ್ಸಿ ವಾಪಸ್ ಬಂದವು, ಬ್ರಷ್ ಉಜ್ಜುವ ತಾಮ್ರದ ಭಾಗ, ಕಮ್ಯುಟೇಟರ್, ಅದರ ಮೇಲೆ ಗರಗಸ ಎಳೆದ ಹಾಗೆ ಗೀರು. ಪುಸ್ತಕ ತೆಗೆದು ನೋಡಿದರೆ ಅದೇ ಬ್ರಷ್ ಇನ್ನೂ ಹನ್ನೊಂದು ಮನೆಗೆ ಹೋಗಿದೆ. ಅವು ಕೆಟ್ಟಿರಲಿಲ್ಲ, ಇನ್ನೂ. ಒಂದು ರಾತ್ರಿ ಯೋಚನೆ ಮಾಡಿದೆ (ಹೆಂಡತಿ "ಮಾಡ್ರಿ ಫೋನು" ಅಂದಳು, ಆ ಮಾತು ದಾಖಲಾಗಲಿ). ಮಾರನೆಯ ದಿನ ಹನ್ನೊಂದಕ್ಕೂ ಫೋನ್ ಮಾಡಿ, ತಂದುಕೊಡಿ, ಪುಕ್ಕಟೆ ಬದಲಾಯಿಸಿಕೊಡ್ತೀನಿ ಅಂದೆ. ಒಬ್ಬರು ಸರಿಯಾಗಿ ಬೈದರು. ಇಬ್ಬರು ಇವತ್ತಿಗೂ ಬಂದಿಲ್ಲ. ಮಿಕ್ಕವರು ಬಂದರು, ಬರುವಾಗ ಪಕ್ಕದ ಮನೆಯ ಗ್ರೈಂಡರನ್ನೂ ತಂದವರಿದ್ದಾರೆ. ಮಾಡಿದ ತಪ್ಪೇ ಗಿರಾಕಿ ತಂದಿತು ಅಂತ ಹೇಳಿಕೊಳ್ಳುವುದು ನನಗೇ ಸಂಕೋಚ, ಆದರೆ ಲೆಕ್ಕ ಹಾಗೇ ಇದೆ.

ಬಿಲ್ಲಿನ ಮೇಲೆ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಅಂತ ಅಚ್ಚು ಹಾಕಿಸುವವರಿಗೆ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆ ಸಾಲು ಅಚ್ಚಾಗಿದ್ದರೆ ಉಳಿಯುವುದು ಜಗಳ ಮಾತ್ರ.

ಹಾಗಂತ ಗಿರಾಕಿಯೇ ದೇವರು ಅನ್ನುವ ಮಾತು ನನಗೆ ಒಗ್ಗುವುದಿಲ್ಲ. ಮನೆ ಮಿಕ್ಸಿಯಲ್ಲಿ ಮೆಸ್ಸಿಗೆಲ್ಲ ಬಿಡುವಿಲ್ಲದೆ ಮಸಾಲೆ ರುಬ್ಬಿ ಸುಟ್ಟುಕೊಂಡು, "ಗ್ಯಾರಂಟಿ ಕೊಟ್ಟಿದ್ರಲ್ಲ" ಅಂತ ಮೇಜು ಗುದ್ದಿದವರಿಗೆ ಆಗಲ್ಲ ಅಂತಲೇ ಹೇಳಿದ್ದೇನೆ. ಅವರ ಎದುರೇ ಬಿಚ್ಚಿ, ಕಪ್ಪಾದ ಕಾಯಿಲ್ ತೋರಿಸಿ ಹೇಳಿದೆ. ಉದ್ರಿಯೂ ಅಷ್ಟೇ. ಪಾಪ ಅನ್ನಿಸಿದರೆ ದುಡ್ಡು ಬಿಟ್ಟುಬಿಡುತ್ತೇನೆ, ಉದ್ರಿ ಬರೆಯುವುದಿಲ್ಲ. ಉದ್ರಿ ಬರೆಸಿದವರು ದುಡ್ಡೂ ಕೊಡುವುದಿಲ್ಲ, ನಾಚಿಕೆಗೆ ಆ ರಸ್ತೆಗೂ ಬರುವುದಿಲ್ಲ.

ಇನ್ನು ಆ ಯುಗಾದಿಯ ಅಕ್ಕ. ಅವರು ಆ ಗುಂಡಿಯ ಕಥೆಯನ್ನು ನಾದಿನಿಗೆ ಹೇಳಿ, ನಾದಿನಿ ತವರಿಗೆ ಹೇಳಿ, ಅದು ಎಲ್ಲೆಲ್ಲಿಗೋ ಹೋಗಿದೆ. ಮೊನ್ನೆ ತೀರ್ಥಹಳ್ಳಿ ಬಸ್ಸಿಳಿದು ಒಬ್ಬರು ಟವೆಲ್ಲಿನಲ್ಲಿ ಸುತ್ತಿದ ಮಿಕ್ಸಿ ಹಿಡಿದು, ಬೋರ್ಡಿಲ್ಲದ ಅಂಗಡಿಯ ಮುಂದೆ ಎರಡು ಸಲ ಅತ್ತಿತ್ತ ಓಡಾಡಿ, ಕೊನೆಗೆ ಕೇಳಿದರು: "ಕೆಂಪು ಗುಂಡಿಯವ್ರು ಅಂದ್ರೆ ನೀವೇನಾ?"

"ಹೌದು, ಕೂತ್ಕೊಳ್ಳಿ. ಗುಂಡಿ ಒತ್ತಿ ನೋಡಿದ್ರಾ?"

"ಒತ್ತಿದೆ, ಓಡ್ಲಿಲ್ಲ. ಅದಕ್ಕೇ ತಂದೆ."