ಮಡ್ಡಿ ವಾಟರ್ಸ್ ಸ್ಲೈಡ್: 4ನೇ ವಾರದವರೆಗಿನ ಲಾಗ್

ಗುರಿ: 1941ರ ಆಗಸ್ಟ್‌ನಲ್ಲಿ ಜಾನಪದ ಸಂಗೀತ ಸಂಗ್ರಾಹಕರಾದ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಅಮೆರಿಕದ ಮಿಸಿಸಿಪಿಯ ಸ್ಟೋವಾಲ್ ತೋಟಕ್ಕೆ ಹೋಗಿ ಧ್ವನಿಮುದ್ರಿಸಿಕೊಂಡ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಪ್ರಕಾರ) ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್‌ನ ಸ್ಲೈಡ್ (ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವ ಕೊಳವೆ) ನಾದವನ್ನು ಅಕೂಸ್ಟಿಕ್ ಗಿಟಾರಿನಲ್ಲಿ ಹಿಡಿಯುವುದು.

ವಾರ 1. ಓಪನ್ ಜಿ ಶ್ರುತಿ (ಬೆರಳಿಡದೆ ಮೀಟಿದರೂ ಜಿ ಸ್ವರಮೇಳ ಬರುವ ಹೊಂದಿಕೆ): ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ. 6, 5 ಮತ್ತು 1ನೇ ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು ಇಳಿಸಿದರೆ ಆಯಿತು. ಮೂರು ತಂತಿ ಸಡಿಲವಾದಾಗ ಗಿಟಾರಿನ ಕತ್ತು ಕೂದಲೆಳೆಯಷ್ಟು ಹಿಂದಕ್ಕೆ ಬಾಗಿ ಉಳಿದ ತಂತಿಗಳು ಏರುತ್ತವೆ, ಹಾಗಾಗಿ ಆರನ್ನೂ ಮತ್ತೊಮ್ಮೆ ನೋಡಲೇಬೇಕು. 0.011 ಇಂಚಿನ ತಂತಿ ಸೆಟ್ (ಅತಿ ತೆಳು ತಂತಿಯ ದಪ್ಪ ಅಷ್ಟು) ಈ ಶ್ರುತಿಗೆ ಜೋಲು ಬೀಳುತ್ತದೆ, ಸ್ಲೈಡ್ ಫ್ರೆಟ್‌ಗೆ ಟಕ್ಕೆಂದು ಬಡಿಯುತ್ತದೆ. 0.013ರ ಸೆಟ್ ಹಾಕಿ, ಸ್ಯಾಡಲ್ (ಗಿಟಾರಿನ ಒಡಲ ಮೇಲೆ ತಂತಿಗಳನ್ನು ಹೊರುವ ಪಟ್ಟಿ) ಅಡಿಗೆ 1.5 ಮಿ.ಮೀ. ತುಂಡು ಕೊಟ್ಟಾಗ 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ 2ರಿಂದ 2.75 ಮಿ.ಮೀ.ಗೆ ಬಂತು. ಸ್ಯಾಡಲ್ ಏರಿದ್ದರ ಅರ್ಧ ಮಾತ್ರ ಅಲ್ಲಿ ಸಿಗುವುದು.

ವಾರ 2. ಸ್ಲೈಡ್ ಕಿರುಬೆರಳಿಗೆ, ಮಡ್ಡಿಯ ಹಾಗೆಯೇ. ಫ್ರೆಟ್ ಕಂಬಿಯ ನೇರ ಮೇಲೆ ನಿಲ್ಲಬೇಕು, ಹಿಂದೆ ನಿಂತರೆ ಶ್ರುತಿ ತಗ್ಗುತ್ತದೆ. ಸ್ಲೈಡ್‌ನ ಹಿಂಬದಿಯ ತಂತಿಯೂ ಕಂಪಿಸಿ ಕೀರಲು ದನಿ ಬರುತ್ತದೆ, ಅದನ್ನು ಉಂಗುರದ ಬೆರಳು ಮತ್ತು ನಡುಬೆರಳು ಮೆತ್ತಗೆ ತಾಗಿ ಮುಚ್ಚಬೇಕು.

ವಾರ 3. ಇಡೀ ಕೆಲಸದ ಜೀವ ಇಲ್ಲಿದೆ. ಜಿ ಷಡ್ಜವಾದರೆ 3ನೇ ತಂತಿಯ 3ನೇ ಫ್ರೆಟ್ ಸಾಧಾರಣ ಗಾಂಧಾರ (ತಗ್ಗಿನ ‘ಗ’), 4ನೆಯದು ಅಂತರ ಗಾಂಧಾರ (ಏರಿದ ‘ಗ’). ಬ್ಲೂಸ್ ಗಾಂಧಾರ ಇವೆರಡರ ನಡುವೆ ಎಲ್ಲೋ ತೂಗುತ್ತದೆ. ತಂತಿಯ ಮೇಲೆ ಕೊರಡು ಜಾರಿಸಿ ನುಡಿಸುವ ಚಿತ್ರವೀಣೆಯ ಜಾರು ಕೇಳಿ ಪಳಗಿದ ಕಿವಿಗೆ ಇದು ಬೇಗ ದಕ್ಕುತ್ತದೆ. ಅಭ್ಯಾಸ ಹೀಗೆ: ಹೆಬ್ಬೆರಳು 5ನೇ ತಂತಿಯ ಷಡ್ಜವನ್ನು ಬಿಡದೆ ಮೀಟುತ್ತಿರಲಿ, ಸ್ಲೈಡ್ 3ನೇ ಫ್ರೆಟ್‌ನಿಂದ ಹೊರಟು 4ನ್ನು ಮುಟ್ಟುವ ಮೊದಲೇ ನಿಲ್ಲಲಿ. ಟ್ಯೂನರ್ ನೋಡುತ್ತ ಕೂತರೆ ಕಿವಿ ಸೋಮಾರಿಯಾಗುತ್ತದೆ. ಅಗಲವಾದ ಕಂಪನ ಕೊಟ್ಟರೆ ಸ್ವರದ ಜಾಗವೇ ಕಲಸಿಹೋಗುತ್ತದೆ, ಮೊದಲು ಕಂಪನವಿಲ್ಲದೆ ನಿಲ್ಲಿಸಲು ಕಲಿಯುವುದು ಮೇಲು.

ಈ ಕೈ ಎಲ್ಲಿಂದ ಬಂತು? ಮಡ್ಡಿ ಮೊದಲು ಹಿಡಿದದ್ದು ಹಾರ್ಮೋನಿಕಾ, ಗಿಟಾರ್ ಸುಮಾರು 17ನೇ ವಯಸ್ಸಿಗೆ. ಹಿರಿಯ ಬ್ಲೂಸ್ ವಾದಕ ಸನ್ ಹೌಸ್ ಬಾಟಲ್‌ನೆಕ್ (ಬಾಟಲಿಯ ಕತ್ತಿನಂಥ ಸ್ಲೈಡ್) ನುಡಿಸುವುದನ್ನು ಎದುರೇ ಕೂತು ನೋಡಿ ಕಲಿತ, ಇನ್ನೊಬ್ಬ ಬ್ಲೂಸ್ ವಾದಕ ರಾಬರ್ಟ್ ಜಾನ್ಸನ್‌ನ ಪ್ರಭಾವವೂ ಗಾಢ.

ವಾರ 4. 1943ರಲ್ಲಿ ಮಡ್ಡಿ ಷಿಕಾಗೊ ಸೇರಿದ. ಕ್ಲಬ್ಬಿನ ಗದ್ದಲದಲ್ಲಿ ಅಕೂಸ್ಟಿಕ್ ಕೇಳಿಸದು, ಎಲೆಕ್ಟ್ರಿಕ್ ಬಂತು. 1941ರ ‘ಐ ಬೀಸ್ ಟ್ರಬಲ್ಡ್’ ಮತ್ತು 1948ರಲ್ಲಿ ಅರಿಸ್ಟೋಕ್ರಾಟ್ ರೆಕಾರ್ಡ್ ಕಂಪನಿಗೆ ಬರೀ ಬಿಗ್ ಕ್ರಾಫರ್ಡ್‌ನ ಬಾಸ್ ಜೊತೆ ನುಡಿಸಿದ ‘ಐ ಕಾಂಟ್ ಬಿ ಸ್ಯಾಟಿಸ್‌ಫೈಡ್’ ಎರಡನ್ನೂ ಒಂದರ ಹಿಂದೊಂದು ಕೇಳಬೇಕು. ಹಾಡು ಅದೇ, ಹೊಸ ರೂಪದಲ್ಲಿ. ಸ್ಲೈಡ್ ಹಿಡಿದ ಕೈಯೂ ಅದೇ. ಆಂಪ್ಲಿಫೈಯರ್ ಎದುರು 2ನೇ ವಾರದ ಮುಚ್ಚುವ ಪಾಠ ಇಮ್ಮಡಿ ಮುಖ್ಯವಾಗುತ್ತದೆ, ಸಣ್ಣ ಕೀರಲೂ ದೊಡ್ಡದಾಗಿ ಕೇಳುತ್ತದೆ.

ಈಗಿನ ಸ್ಥಿತಿ: ಮೆಟ್ರೋನೋಮ್ (ಲಯ ಎಣಿಸುವ ಯಂತ್ರ) ನಿಮಿಷಕ್ಕೆ 72ರಲ್ಲಿ ಹೆಬ್ಬೆರಳು ಸ್ಥಿರ. 90ಕ್ಕೆ ಏರಿಸಿದರೆ ಸ್ಲೈಡ್ ಗಾಂಧಾರಕ್ಕೆ ಹೋಗುವ ಹೊತ್ತಿಗೆ ಒಂದು ಬಾಸ್ ಪೆಟ್ಟು ತಪ್ಪುತ್ತಿದೆ.